ನಿದ್ದೆಗೊಡದ ಕಾಲುಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಿಂದ ನಾವು ಹಿಂದೆ ಎರಡು ಮೂರು ಸಲ ಮಾತನಾಡಿದ್ದುಂಟು. ಆಗೆಲ್ಲ ವಚನಕಾರರನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತು ಹೇಳಿ, ನೀವು ಪ್ರೀತಿಯಿಂದ ತಟ್ಟಿದ ಚಪ್ಪಾಳೆಯನ್ನು ಕೇಳಿ ಕುಳಿತೆವು. ಈ ವರ್ಷ ಕಾರ್ಯದರ್ಶಿಗಳು ಮನೆಗೆ ಬಂದು, "ವಿಷಯ ಯಾವುದ್ರಿ ಗುರುಗಳ?" ಎಂದು ಕೇಳಿದಾಗ "ನಿದ್ದೆ" ಎಂದೆವು. ಅವರು ನಕ್ಕುಬಿಟ್ಟರು. ಭಾಷಣ ಕೇಳುತ್ತ ನಿದ್ದೆ ಹೋಗುವವರನ್ನು ಅವರು ಬೇಕಾದಷ್ಟು ಕಂಡಿದ್ದರು; ನಿದ್ದೆಯ ಮೇಲೆಯೇ ಭಾಷಣ ಮಾಡುವವರನ್ನು ಕಂಡಿರಲಿಲ್ಲ. ವಿಷಯವನ್ನು ಪೂರ್ತಿ ಹೇಳಿದ ಮೇಲೆ ಅವರ ನಗೆ ನಿಂತಿತು. "ನಮ್ಮ ಮನಿಯಾಗೂ ಇದು ಐತ್ರಿ" ಎಂದರು. ಆ ಒಂದು ಮಾತಿನಿಂದಲೇ ನಮಗೆ ಇಂದು ಇಲ್ಲಿ ನಿಂತು ಮಾತನಾಡುವ ಧೈರ್ಯ ಬಂದಿದೆ.

ನಾವು ವೈದ್ಯರಲ್ಲ. ವಿದ್ವಾನ್ ಪರೀಕ್ಷೆ ಮುಗಿಸಿ, ಪ್ರೌಢಶಾಲೆಯ ಮಕ್ಕಳಿಗೆ ಸಂಧಿ, ಸಮಾಸ, ಛಂದಸ್ಸುಗಳನ್ನು ಕಲಿಸುತ್ತ ಇಪ್ಪತ್ತು ವರ್ಷ ಕಳೆದವರು. ಔಷಧದ ವಿಷಯದಲ್ಲಿ ನಮಗೆ ತಿಳಿದುದೆಲ್ಲ ಓದಿ, ವೈದ್ಯರನ್ನು ಕೇಳಿ, ಅನುಭವಿಸಿ ತಿಳಿದುದು. ಹಾಗಿದ್ದೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ನಾವು ಹೇಳಹೊರಟಿರುವ ಮುಖ್ಯ ತೊಂದರೆಯನ್ನು ವೈದ್ಯರು ಗುರುತಿಸುವುದು ರೋಗಿಯ ಮಾತಿನಿಂದ. ಅದನ್ನು ಹಿಡಿದುಕೊಡುವ ರಕ್ತಪರೀಕ್ಷೆಯಿಲ್ಲ, ಕ್ಷಕಿರಣದ ಚಿತ್ರವಿಲ್ಲ. ತನಗೆ ಏನಾಗುತ್ತಿದೆಯೆಂಬುದನ್ನು ರೋಗಿ ತಕ್ಕ ಮಾತಿನಲ್ಲಿ ಹೇಳಿದರೆ ರೋಗ ಸಿಕ್ಕುತ್ತದೆ, ಹೇಳದಿದ್ದರೆ ತಪ್ಪಿಸಿಕೊಳ್ಳುತ್ತದೆ. ಮನೆಯಲ್ಲಿ ಒಂದು ಭಾಷೆ, ದವಾಖಾನೆಯಲ್ಲಿ ಇನ್ನೊಂದು ಭಾಷೆಯಾಗಿರುವ ನಮ್ಮಂಥ ಗಡಿನಾಡಿನವರಿಗೆ ಇದು ಸಣ್ಣ ಸಂಗತಿಯಲ್ಲ.

ಯಾರದೋ ಕಥೆಯೆಂದು ಹೇಳಿ ನಾವು ಮರೆಯಲ್ಲಿ ನಿಲ್ಲಬಹುದಾಗಿತ್ತು. ಆದರೆ ಮನಸ್ಸಿನ ರೋಗವೆಂದರೆ ಮುಚ್ಚಿಡತಕ್ಕದ್ದು ಎಂಬ ಭಾವನೆಗೆ ಉಪಾಧ್ಯಾಯರೇ ಬಲ ಕೊಡಬಾರದು. ಕೆಲವು ವರ್ಷಗಳ ಹಿಂದೆ ನಮಗೆ ಖಿನ್ನತೆಯ ರೋಗ ಬಂದಿತ್ತು. ತಂದೆಯವರು ತೀರಿಕೊಂಡ ವರ್ಷವದು. ದುಃಖವೆಂದೇ ಎಲ್ಲರೂ ತಿಳಿದರು. ನಾವೂ ಹಾಗೆಯೇ ತಿಳಿದೆವು. ಆರು ತಿಂಗಳು ಕಳೆದರೂ ಊಟ ರುಚಿಸಲಿಲ್ಲ. ಬೆಳಗಿನ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಕೂಡುತ್ತಿರಲಿಲ್ಲ. ತರಗತಿಯಲ್ಲಿ ಪದ್ಯದ ಅರ್ಥ ಹೇಳುತ್ತಿರುವಾಗಲೇ ಮಾತು ನಡುವೆ ನಿಂತುಹೋಗುತ್ತಿತ್ತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕೊನೆಗೆ ನಮ್ಮ ಮನೆಯವರು ಹಟ ಹಿಡಿದು ಮನೋವೈದ್ಯರಲ್ಲಿಗೆ ಕರೆದೊಯ್ದರು. ಅವರು ರೋಗವನ್ನು ಸರಿಯಾಗಿಯೇ ಗುರುತಿಸಿ, ಮನಸ್ಸಿಗೂ ಹಿತವಾಗಲಿ, ನಿದ್ದೆಯೂ ಬರಲಿ ಎಂದು ರಾತ್ರಿ ಮಲಗುವಾಗ ತೆಗೆದುಕೊಳ್ಳಲು ಒಂದು ಗುಳಿಗೆ ಬರೆದುಕೊಟ್ಟರು.

ಗುಳಿಗೆ ಕೆಲಸ ಮಾಡಿತು. ಮೂರು ವಾರದೊಳಗೆ ಹಸಿವು ಬಂದಿತು. ಮಕ್ಕಳ ಮಾತು ಕಿವಿಗೆ ಬೀಳತೊಡಗಿತು. ಆದರೆ ಅದೇ ದಿನಗಳಲ್ಲಿ ಹೊಸದೊಂದು ಬಾಧೆ ಆರಂಭವಾಯಿತು. ರಾತ್ರಿ ಉಂಡು ಕುಳಿತರೆ ಸಾಕು, ಹಾಸಿಗೆಗೆ ಬೆನ್ನು ಹಚ್ಚಿದರೆ ಸಾಕು, ಮೀನಖಂಡದ ಒಳಗೆ, ಎಲುವಿನ ಹತ್ತಿರ, ಏನೋ ಹರಿದಾಡಿದಂತೆ, ಯಾರೋ ಒಳಗಿನಿಂದ ಜಗ್ಗಿದಂತೆ ಆಗುತ್ತಿತ್ತು. ಅದು ನೋವಲ್ಲ, ಉರಿಯಲ್ಲ, ಜೋಮೂ ಅಲ್ಲ. ಕಾಲನ್ನು ಆಡಿಸದೆ ಇರುವುದು ಸಾಧ್ಯವೇ ಇಲ್ಲವೆನ್ನಿಸುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ನಡೆದರೆ ಮಾಯವಾಗುತ್ತಿತ್ತು. ಮಲಗಿದರೆ ಮತ್ತೆ ಬರುತ್ತಿತ್ತು. "ಏನ್ರಿ ಇದು, ರಾತ್ರಿಪೂರಾ ಪಡಸಾಲ್ಯಾಗ ಅಡ್ಡಾಡಾಕ ಹತ್ತೀರಿ?" ಎಂದು ಮನೆಯವರು ಕೇಳಿದರೆ ಕೊಡಲು ಉತ್ತರವಿರಲಿಲ್ಲ.

ಮುಂದಿನ ಭೇಟಿಯಲ್ಲಿ ವೈದ್ಯರಿಗೆ ನಮ್ಮ ಶಾಲಾ ಮರಾಠಿಯಲ್ಲಿ "ಪಾಯ ದುಖತಾತ" ಎಂದೆವು. ಕಾಲು ನೋಯುತ್ತವೆ ಎಂದರ್ಥ. ಅವರು ನೋವಿಗೆ ಗುಳಿಗೆ ಕೊಟ್ಟರು. ಗುಣವಾಗಲಿಲ್ಲ. ಮತ್ತೆ ಹೋಗಿ "ಮುಂಗ್ಯಾ ಯೇತಾತ" ಎಂದೆವು. ಇರುವೆ ಹರಿದಂತಾಗುತ್ತದೆ ಎಂದು ಹೇಳುವುದು ನಮ್ಮ ಉದ್ದೇಶ; ಅವರಿಗೆ ಅದು ಜೋಮಾಗಿ ಕೇಳಿಸಿತು. ನರಗಳಿಗೆ ಬಲ ಬರಲೆಂದು ಜೀವಸತ್ವದ ಗುಳಿಗೆ ಕೊಟ್ಟರು. ಇದರಲ್ಲಿ ಆ ವೈದ್ಯರ ದೋಷವಿಲ್ಲ. ನಾವು ನೋವೆಂದೆವು, ಅವರು ನೋವಿಗೆ ಮದ್ದು ಕೊಟ್ಟರು. ಮರಾಠಿಯಲ್ಲಿ ತಕ್ಕ ಮಾತಿಲ್ಲವೆಂದೂ ಅಲ್ಲ. ಆ ಮರಾಠಿ ನಮ್ಮಲ್ಲಿರಲಿಲ್ಲ.

ಬೇಸತ್ತು ಎಲ್ಲ ಗುಳಿಗೆಗಳನ್ನೂ ನಿಲ್ಲಿಸಿಬಿಟ್ಟೆವು. ಕಾಲು ಶಾಂತವಾದುವು, ಆದರೆ ಕೆಲವೇ ವಾರಗಳಲ್ಲಿ ಮನಸ್ಸು ಮತ್ತೆ ಕತ್ತಲೆಗೆ ಇಳಿಯಿತು. ಆಗ ಮನೆಯವರು ನಮ್ಮೊಡನೆ ದವಾಖಾನೆಯ ಒಳಕೋಣೆಗೇ ಬಂದರು. ಅವರಿಗೆ ನಮ್ಮಷ್ಟೂ ಮರಾಠಿ ಬಾರದು. ಕುರ್ಚಿಯ ಮೇಲೆ ಕುಳಿತು ಕಾಲು ಕುಣಿಸಿ ತೋರಿಸಿದರು, ಎದ್ದು ನಡೆದು ತೋರಿಸಿದರು, ಮತ್ತೆ ಕುಳಿತು ಕುಣಿಸಿದರು. ವೈದ್ಯರು ಲೇಖನಿ ಕೆಳಗಿಟ್ಟು ನಾಲ್ಕೇ ಪ್ರಶ್ನೆ ಕೇಳಿದರು. ನಾಲ್ಕಕ್ಕೂ ನಮ್ಮ ಉತ್ತರ ಹೌದೆಂದೇ ಇತ್ತು. "ಇದಕ್ಕೆ ಹೆಸರಿದೆ, ಉಪಾಯವೂ ಇದೆ" ಎಂದರು. ರಕ್ತದ ಕಬ್ಬಿಣವನ್ನು ಪರೀಕ್ಷಿಸಿದರು, ಗುಳಿಗೆಯನ್ನು ಬದಲಾಯಿಸಿದರು. ತಿಂಗಳೊಳಗೆ ಮನಸ್ಸಿಗೂ ಕಾಲಿಗೂ ಏಕಕಾಲಕ್ಕೆ ನೆಮ್ಮದಿ ಬಂದಿತು.

ಆ ಹೆಸರು ಯಾವುದು, ಆ ನಾಲ್ಕು ಪ್ರಶ್ನೆಗಳು ಯಾವುವು ಎಂಬುದನ್ನು ಹೇಳುವುದೇ ಇಂದಿನ ಭಾಷಣದ ಉದ್ದೇಶ.

ವೈದ್ಯರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ನಾವು ಚಡಪಡಿಕೆ ಕಾಲು ಎನ್ನೋಣ. ಇದು ಹೊಸ ರೋಗವಲ್ಲ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯರು 1672ರಲ್ಲಿಯೇ, ಹಾಸಿಗೆಯಲ್ಲಿ ಕೈಕಾಲುಗಳ ಚಡಪಡಿಕೆಯಿಂದ ನಿದ್ದೆಯೇ ಸಾಧ್ಯವಾಗದ ರೋಗಿಗಳ ವಿಷಯ ಬರೆದಿದ್ದರು. 1861ರಲ್ಲಿ ಜರ್ಮನಿಯ ವಿಟ್‌ಮಾಕ್ ಎಂಬವರು ಇದಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಮೊಳಕಾಲೆಲುವಿನ ಆತಂಕ' ಎಂಬರ್ಥದ ಹೆಸರು ಕೊಟ್ಟರು. ಬಹುಕಾಲ ಇದನ್ನು ಮನಸ್ಸಿನ ಭ್ರಮೆಯೆಂದೇ ಎಣಿಸುತ್ತಿದ್ದರು. 1945ರಲ್ಲಿ ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್ಬೊಮ್ ಅನೇಕ ರೋಗಿಗಳನ್ನು ಪರೀಕ್ಷಿಸಿ, ಇದು ನಿಜವಾದ ದೇಹವ್ಯಾಧಿಯೆಂದು ಸ್ಥಾಪಿಸಿ, ಇಂದಿನ ಹೆಸರನ್ನು ರೂಢಿಗೆ ತಂದರು. ಭ್ರಮೆಯೆಂದು ತಳ್ಳಿಹಾಕಿದ್ದ ಬಾಧೆಯು ರೋಗವೆಂದು ಒಪ್ಪಿತವಾಗಲು ಇಷ್ಟು ಕಾಲ ಹಿಡಿಯಿತು. ನಮ್ಮ ಮನೆಗಳಲ್ಲಿ ಇನ್ನೂ ಎಷ್ಟು ಕಡೆ "ಸುಮ್ಮನ ಬೀಳು, ಎಲ್ಲಾ ನಿನ್ನ ತಲ್ಯಾಗ ಐತಿ" ಎನ್ನುತ್ತಿಲ್ಲ!

ಇನ್ನು ಖಿನ್ನತೆಯ ಮಾತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ ಬಾಳಿನ ಯಾವುದಾದರೊಂದು ಕಾಲದಲ್ಲಿ ಈ ರೋಗ ಬಂದಿರುತ್ತದೆ. ಹೀಗೆ ನರಳುವವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲವೆಂದೂ ಅದೇ ಸಮೀಕ್ಷೆ ಹೇಳಿತು. ಇಷ್ಟು ಕಷ್ಟದಿಂದ ದವಾಖಾನೆಯ ಮೆಟ್ಟಿಲು ಹತ್ತಿದ ಕೆಲವರು ಕಾಲಿನ ಬಾಧೆಗಾಗಿ ಅರ್ಧದಲ್ಲಿಯೇ ಇಳಿದುಬಿಟ್ಟರೆ ಅದು ದೊಡ್ಡ ನಷ್ಟವಲ್ಲವೆ?

ಖಿನ್ನತೆಯ ಔಷಧಗಳು ಕಳೆದ ಶತಮಾನದ ಐವತ್ತರ ದಶಕದಲ್ಲಿ ಹುಟ್ಟಿದುವು. 1952ರಲ್ಲಿ ಅಮೆರಿಕದಲ್ಲಿ ಕ್ಷಯರೋಗಿಗಳಿಗೆ ಕೊಟ್ಟ ಒಂದು ಮದ್ದು ಅವರ ಮನಸ್ಸನ್ನೂ ಹಗುರಗೊಳಿಸಿದುದು ಕಂಡುಬಂದಿತು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ ಎಂಬವರು ಇಮಿಪ್ರಮೀನ್ ಎಂಬುದರ ಗುಣವನ್ನು ಪ್ರಕಟಿಸಿದರು. 1987ರಲ್ಲಿ ಅಮೆರಿಕದಲ್ಲಿ ಫ್ಲೂಆಕ್ಸೆಟೀನ್‌ಗೆ ಅನುಮತಿ ದೊರೆಯಿತು. ಇಂದು ನಮ್ಮ ಚೀಟಿಗಳಲ್ಲಿ ಎಸ್ಸಿಟಲೋಪ್ರಾಮ್, ಸರ್ಟ್ರಲೀನ್, ವೆನ್ಲಾಫ್ಯಾಕ್ಸೀನ್, ಮಿರ್ಟಾಜಪೀನ್, ಅಮಿಟ್ರಿಪ್ಟಿಲೀನ್ ಮುಂತಾದ ಹೆಸರುಗಳು ಕಾಣುತ್ತವೆ. ಇವುಗಳಿಂದ ಬದುಕಿಕೊಂಡವರು ಅಸಂಖ್ಯರು. ಅವರಲ್ಲಿ ನಾವೂ ಒಬ್ಬರು. ಆದರೆ ಇವು ಕೆಲವರಲ್ಲಿ ನಿದ್ದೆಯ ಕಾಲದ ಚಲನೆಗಳನ್ನು ಕೆದಕುತ್ತವೆ. ಅಂಥ ಚಲನೆಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಈಗಾಗಲೇ ಹೇಳಿದ ಚಡಪಡಿಕೆ ಕಾಲು. ಇದು ನಿದ್ದೆ ಬರುವುದಕ್ಕೆ ಮೊದಲೇ ಕಾಡುತ್ತದೆ.

ಎರಡನೆಯದು, ನಿದ್ದೆ ಹತ್ತಿದ ಮೇಲೆ ಕಾಲು ತಾನಾಗಿಯೇ ಮತ್ತೆ ಮತ್ತೆ ಝಾಡಿಸುವುದು. ಹೆಬ್ಬೆರಳು ಮೇಲಕ್ಕೆ ಏಳುತ್ತದೆ, ಹರಡು ಮಡಚುತ್ತದೆ, ಒಮ್ಮೊಮ್ಮೆ ಮೊಳಕಾಲೂ ಮಡಚುತ್ತದೆ. ಒಂದೊಂದು ಚಲನೆ ಅರ್ಧ ಸೆಕೆಂಡಿನಿಂದ ಹತ್ತು ಸೆಕೆಂಡಿನವರೆಗೆ ಇದ್ದು, ತಾಳ ಹಾಕಿದಂತೆ ಮರುಕಳಿಸುತ್ತದೆ. ಮಲಗಿದವರಿಗೆ ಇದರ ಅರಿವಿರುವುದಿಲ್ಲ; ಪಕ್ಕದಲ್ಲಿ ಮಲಗಿದವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲೊಂದು ಇಲ್ಲೊಂದು ಇದ್ದರೆ ಚಿಂತೆಯಿಲ್ಲ. ವಯಸ್ಕರಲ್ಲಿ ಗಂಟೆಗೆ ಹದಿನೈದಕ್ಕಿಂತ ಹೆಚ್ಚಾಗಿ, ಅದರಿಂದ ನಿದ್ದೆ ಕೆಟ್ಟು ಹಗಲು ದಣಿವಾಗುತ್ತಿದ್ದರೆ, ಅದನ್ನು ರೋಗವೆಂದು ಎಣಿಸುತ್ತಾರೆ.

ಮೂರನೆಯದು, ನಿದ್ದೆಯಲ್ಲಿ ಹಲ್ಲು ಕಡಿಯುವುದು. ಬೆಳಿಗ್ಗೆ ಎದ್ದಾಗ ದವಡೆ ಬಿಗಿದು ಕಪಾಲ ನೋಯುತ್ತಿದ್ದರೆ ಇದನ್ನು ನೆನೆಯಬೇಕು. ಹಲ್ಲಿನ ವೈದ್ಯರಲ್ಲಿಗೆ ಹೋದಾಗ, ನಾವು ತೆಗೆದುಕೊಳ್ಳುವ ಮನಸ್ಸಿನ ಮದ್ದಿನ ಹೆಸರನ್ನು ಅವರಿಗೂ ಹೇಳಬೇಕು.

ನಾಲ್ಕನೆಯದು, ಕನಸನ್ನು ಕೈಕಾಲುಗಳಿಂದ ಆಡಿ ತೋರಿಸುವುದು. ಇದಕ್ಕೆ ಸ್ವಲ್ಪ ವಿವರ ಬೇಕು. 1953ರಲ್ಲಿ ಶಿಕಾಗೋ ನಗರದ ಇಬ್ಬರು ಸಂಶೋಧಕರು, ನಿದ್ದೆಯಲ್ಲಿ ಕಣ್ಣಾಲಿಗಳು ವೇಗವಾಗಿ ಚಲಿಸುವ ಒಂದು ಘಟ್ಟವಿದೆಯೆಂದು ತೋರಿಸಿದರು. ಎದ್ದುಕಾಣುವ ಕನಸುಗಳು ಬೀಳುವುದು ಹೆಚ್ಚಾಗಿ ಆ ಘಟ್ಟದಲ್ಲಿ. ಕನಸಿನಲ್ಲಿ ಓಡಿದವನು ಹಾಸಿಗೆಯಿಂದ ಎದ್ದು ಓಡದಂತೆ, ಮಿದುಳು ಆ ಹೊತ್ತಿನಲ್ಲಿ ದೇಹದ ಸ್ನಾಯುಗಳನ್ನು ಸಡಿಲಬಿಟ್ಟಿರುತ್ತದೆ. ಈ ಕಟ್ಟು ಸಡಿಲವಾದರೆ ಮಲಗಿದವನು ಕೂಗುತ್ತಾನೆ, ಗುದ್ದುತ್ತಾನೆ, ಒದೆಯುತ್ತಾನೆ. 1986ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಶೆಂಕ್ ಮತ್ತು ಅವರ ಸಂಗಡಿಗರು ಇದನ್ನು ಪ್ರತ್ಯೇಕ ವ್ಯಾಧಿಯೆಂದು ವರ್ಣಿಸಿದರು. ಖಿನ್ನತೆಯ ಹಲವು ಔಷಧಗಳು ಇದನ್ನು ಹುಟ್ಟಿಸಬಲ್ಲವು, ಇಲ್ಲವೆ ಒಳಗಿದ್ದುದನ್ನು ಹೊರಗೆಡಹಬಲ್ಲವು.

ಕೊಲ್ಹಾಪುರದಲ್ಲಿ ಬೆಲ್ಲದ ಅಡತಿಯಲ್ಲಿ ಲೆಕ್ಕ ಬರೆದುಕೊಂಡಿದ್ದ ನಮ್ಮ ಸೋದರಮಾವನವರಿಗೆ ಇದು ಬಂದಿತ್ತು. ಸೌಮ್ಯ ಸ್ವಭಾವದವರು, ಮನೆಯಲ್ಲಿ ದನಿಯೆತ್ತಿ ಮಾತನಾಡಿದವರಲ್ಲ. ಒಂದು ರಾತ್ರಿ ಕನಸಿನಲ್ಲಿ ಅಟ್ಟಿಸಿಕೊಂಡು ಬಂದ ಹೋರಿಯನ್ನು ತಡೆಯಲು ಕೈ ಬೀಸಿದರು; ಆ ಪೆಟ್ಟು ಪಕ್ಕದಲ್ಲಿದ್ದ ಅತ್ತೆಯವರ ಮುಖಕ್ಕೆ ಬಿದ್ದಿತು. ಬೆಳಿಗ್ಗೆ ಅತ್ತೆಯವರ ಊದಿದ ಕಣ್ಣನ್ನು ಕಂಡು ಮಾವನವರು ಅತ್ತರಂತೆ. ಮನೆಯವರು ಗಾಳಿ ಸೋಕಿದೆಯೆಂದು ಹೇಳಿಕೆ ಕೇಳಿಸಿದರು, ತಾಯತ ಕಟ್ಟಿದರು. ಮನೋವೈದ್ಯರ ಗುಳಿಗೆಗೂ ಇದಕ್ಕೂ ಸಂಬಂಧವಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಇಂಥ ಕನಸಿನ ಚಲನೆ ವಯಸ್ಸಾದವರಲ್ಲಿ ಕೆಲವೊಮ್ಮೆ ಮುಂದೆ ಬರಲಿರುವ ಪಾರ್ಕಿನ್ಸನ್ ಎಂಬ ಕಂಪವಾತದ ಮುನ್ಸೂಚನೆಯೂ ಆಗಿರಬಹುದು. ಆದುದರಿಂದ ಗುಳಿಗೆಯಿಂದಲೇ ಬಂದಿತೆಂದು ತಾವೇ ತೀರ್ಮಾನಿಸದೆ ನರರೋಗ ತಜ್ಞರಿಗೆ ತೋರಿಸುವುದು ವಿವೇಕ. ಅಲ್ಲಿಯವರೆಗೆ ನೆಲದ ಮೇಲೆ ಹಾಸಿಗೆ ಹಾಸಿ, ಸುತ್ತ ಚೂಪಾದ ವಸ್ತುಗಳನ್ನು ಇಡದೆ, ಪಕ್ಕದವರು ಬೇರೆ ಮಲಗಬೇಕು.

ಔಷಧಗಳು ಹೀಗೇಕೆ ಮಾಡುತ್ತವೆ? ಮಿದುಳಿನಲ್ಲಿ ನರದಿಂದ ನರಕ್ಕೆ ಸಂದೇಶ ಒಯ್ಯುವ ದ್ರವ್ಯಗಳಿವೆ. ಖಿನ್ನತೆಯ ಬಹಳಷ್ಟು ಮದ್ದುಗಳು ಸೆರೊಟೋನಿನ್ ಎಂಬ ದ್ರವ್ಯದ ಬಲವನ್ನು ಹೆಚ್ಚಿಸುತ್ತವೆ. ಇದರಿಂದ ಚಲನೆಗೆ ಸಂಬಂಧಿಸಿದ ಡೋಪಮೀನ್ ಎಂಬ ಇನ್ನೊಂದು ದ್ರವ್ಯದ ಕೆಲಸ ಕುಗ್ಗಬಹುದೆಂದು ತಜ್ಞರ ಊಹೆ. ಡೋಪಮೀನ್ ತಯಾರಾಗಲು ಕಬ್ಬಿಣ ಬೇಕು. ಸಂಜೆಯಾದಂತೆ ಅದರ ಪ್ರಮಾಣವೂ ಇಳಿಯುತ್ತದೆ. ಆದುದರಿಂದಲೇ ಕಬ್ಬಿಣದ ಕೊರತೆಯುಳ್ಳವರಿಗೆ, ಅದರಲ್ಲಿಯೂ ಸಂಜೆಯ ಮೇಲೆ, ಕಾಲಿನ ಕಾಟ ಹೆಚ್ಚು.

ಎಲ್ಲರಿಗೂ ಹೀಗಾಗುವುದೆಂದು ಯಾರೂ ಹೆದರಬೇಕಾಗಿಲ್ಲ. 2008ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಹೊಸ ತಲೆಮಾರಿನ ಔಷಧಗಳನ್ನು ತೆಗೆದುಕೊಂಡ 271 ರೋಗಿಗಳ ಪೈಕಿ 24 ಮಂದಿಗೆ, ಎಂದರೆ ನೂರಕ್ಕೆ ಒಂಬತ್ತರಷ್ಟು ಜನಕ್ಕೆ, ಕಾಲಿನ ಚಡಪಡಿಕೆ ಹೊಸದಾಗಿ ಬಂದಿತು ಅಥವಾ ಇದ್ದುದು ಹೆಚ್ಚಾಯಿತು. ಮಿರ್ಟಾಜಪೀನ್ ತೆಗೆದುಕೊಂಡವರಲ್ಲಿ ಮಾತ್ರ ಇದು ನೂರಕ್ಕೆ 28ರಷ್ಟಿತ್ತು. ವಿಚಿತ್ರವೆಂದರೆ, ನಿದ್ದೆಗೆಟ್ಟ ಖಿನ್ನರಿಗೆ ನಿದ್ದೆ ಬರಲೆಂದು ವೈದ್ಯರು ಅನೇಕ ವೇಳೆ ಆರಿಸುವ ಮದ್ದೂ ಅದೇ. ಅದು ಕೆಟ್ಟ ಮದ್ದೆಂದು ಇದರರ್ಥವಲ್ಲ. ಬಹುಮಂದಿಗೆ ಅದರಿಂದ ಸುಖನಿದ್ದೆಯೇ ಬರುತ್ತದೆ. ಬಾರದವರು ಬಾಯಿ ಬಿಟ್ಟು ಹೇಳಬೇಕು, ಅಷ್ಟೆ.

ಹೇಳದೆ ಮದ್ದನ್ನು ತಾನಾಗಿಯೇ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಚಲಕರಂಜಿಯ ಒಂದು ಸಂಗತಿ ಹೇಳುತ್ತೇವೆ. ಅಲ್ಲಿ ನಮ್ಮ ಕಾಕಾನ ಮಗನೊಬ್ಬ ವಿದ್ಯುನ್ಮಗ್ಗದಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಆ ಊರಿನ ಮಗ್ಗಗಳ ಸದ್ದು ನಿಮಗೆ ಗೊತ್ತೇ ಇದೆ. ಖಿನ್ನತೆಗೆ ಮದ್ದು ಆರಂಭಿಸಿದ ಮೇಲೆ ಅವನಿಗೂ ಕಾಲಿನ ಕಾಟ ಹತ್ತಿತು. ಪಾಳಿಯಲ್ಲಿದ್ದಾಗ ಏನೂ ಇಲ್ಲ. ಹರಿದ ನೂಲಿಗೆ ಗಂಟು ಹಾಕುತ್ತ ಮಗ್ಗದಿಂದ ಮಗ್ಗಕ್ಕೆ ಅಡ್ಡಾಡುವವನ ಕಾಲಿಗೆ ಚಡಪಡಿಸಲು ಬಿಡುವೆಲ್ಲಿ? ವಾರದ ರಜೆಯ ರಾತ್ರಿ ಹೆಂಡತಿ ಮಕ್ಕಳೊಡನೆ ಮಲಗಿದರೆ ಮಾತ್ರ ನರಕ. ಗುಳಿಗೆ ತನ್ನ ಕಾಲನ್ನೇ ಕೆಡಿಸುತ್ತಿದೆಯೆಂದು ಹೆದರಿ, ಯಾರಿಗೂ ಹೇಳದೆ ಒಂದು ದಿನ ಎಲ್ಲವನ್ನೂ ಎಸೆದುಬಿಟ್ಟ. ಮೊದಲು ತಲೆಸುತ್ತು, ವಾಕರಿಕೆ, ತಲೆಯೊಳಗೆ ವಿದ್ಯುತ್ತು ಹರಿದಂಥ ಅನುಭವ. ಹಠಾತ್ತಾಗಿ ನಿಲ್ಲಿಸಿದಾಗ ಹೀಗಾಗುವುದುಂಟು. ಎರಡು ತಿಂಗಳಲ್ಲಿ ಖಿನ್ನತೆ ಮೊದಲಿಗಿಂತ ಹೆಚ್ಚಾಗಿ ಮರಳಿತು. ಒಂದು ಸಂಜೆ ಪಂಚಗಂಗೆಯ ದಡದಲ್ಲಿ ಒಬ್ಬನೇ ಕುಳಿತಿದ್ದವನನ್ನು ಪಾಳಿಗೆ ಹೊರಟಿದ್ದ ಗೆಳೆಯರು ಕಂಡು, ಮಾತನಾಡಿಸಿ, ಮನೆಗೆ ಕರೆತಂದರು. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ. ಇಂದು ಅವನು ಬೇರೆ ಮದ್ದಿನ ಮೇಲೆ ಚೆನ್ನಾಗಿದ್ದಾನೆ. ಈ ಸಂಗತಿಯನ್ನು ಹೇಳಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ.

ಇಲ್ಲಿ ಇನ್ನೊಂದು ಎಚ್ಚರಿಕೆ ಸೇರಿಸಬೇಕು. ಕಾಲಿನಲ್ಲಷ್ಟೇ ಅಲ್ಲದೆ ಮೈತುಂಬ ಚಡಪಡಿಕೆ, ರಾತ್ರಿಯಷ್ಟೇ ಅಲ್ಲದೆ ಹಗಲೆಲ್ಲ ನಿಂತಲ್ಲಿ ನಿಲ್ಲಲಾಗದ, ಕುಳಿತಲ್ಲಿ ಕೂರಲಾಗದ ಒಳಸಂಕಟ ಆರಂಭವಾದರೆ ಅದು ಅಕಥೀಸಿಯಾ ಎಂಬ ಬೇರೆ ತೊಂದರೆ. ಅದೂ ಔಷಧದಿಂದ ಬರಬಹುದು. ಅದರ ಜೊತೆಗೆ ಸಾಯುವ ಯೋಚನೆ ಬಂದರಂತೂ ಮುಂದಿನ ಭೇಟಿಯ ತಾರೀಖಿಗಾಗಿ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು. ಮನೆಯವರು ಆ ವ್ಯಕ್ತಿಯನ್ನು ಒಬ್ಬರೇ ಬಿಡಬಾರದು.

ಈಗ ಆ ನಾಲ್ಕು ಪ್ರಶ್ನೆಗಳು. ನಮ್ಮ ಮನೆಮಾತಿನಲ್ಲಿಯೇ ಹೇಳುತ್ತೇವೆ, ತಾಯಂದಿರು ನೆನಪಿಟ್ಟುಕೊಳ್ಳಬೇಕು. "ಕಾಲು ಆಡಸಲೇಬೇಕು ಅನಸ್ತೈತೇನು?" "ಕುಂತಾಗ, ಮಲಗಿದಾಗ ಹೆಚ್ಚಾಗತೈತೇನು?" "ಎದ್ದು ಅಡ್ಡಾಡಿದರ ಕಡಿಮಿ ಆಗತೈತೇನು?" "ಹಗಲಿಗಿಂತ ಸಂಜೀಕ, ರಾತ್ರಿ ಹೆಚ್ಚೇನು?" ನಾಲ್ಕಕ್ಕೂ ಹೌದೆಂದು ಉತ್ತರ ಬಂದು, ಅದು ಬರಿಯ ಸ್ನಾಯುಸೆಳೆತವೋ ಜೋಮೋ ಕೀಲುನೋವೋ ಅಲ್ಲವೆಂದು ವೈದ್ಯರಿಗೆ ಖಚಿತವಾದರೆ, ಅದು ಚಡಪಡಿಕೆ ಕಾಲು. ಐದನೆಯದಾಗಿ ನಾವು ಸೇರಿಸುವ ಪ್ರಶ್ನೆ: "ಯಾವ ಗುಳಿಗಿ ಸುರು ಮಾಡಿದ ಮ್ಯಾಲೆ ಇದು ಬಂತು?"

ಮೊದಲ ಪ್ರಶ್ನೆಯಲ್ಲಿರುವುದನ್ನು ಒಂದೇ ಪದದಲ್ಲಿ ಹೇಳಬಲ್ಲ ಮಾತು ಕನ್ನಡದಲ್ಲಿದೆ: ತುಡಿತ. ಮಿಡಿಯುವುದೂ ಹಂಬಲಿಸುವುದೂ ಆ ಒಂದು ಪದದಲ್ಲಿವೆ. ಕಾಲು ನೋಯುತ್ತದೆ ಎನ್ನಬೇಡಿ, ಕಾಲು ತುಡಿಯುತ್ತದೆ ಎನ್ನಿ. ನಮ್ಮ ಅಜ್ಜಿಯರ ಬಾಯಲ್ಲಿ ಹರಿದಾಟ, ಜಗ್ಗಾಟ, ಚಡಪಡಿಕೆ ಎಂಬ ಮಾತುಗಳಿವೆ. ರೋಗವನ್ನು ಹೇಳುವಾಗ ಇವೇ ಮಾತುಗಳನ್ನು ಬಳಸಿ, ಆಮೇಲೆ ಮರಾಠಿ ಬಲ್ಲವರಿಂದ ಅವುಗಳ ಅರ್ಥ ಹೇಳಿಸಬೇಕು. ಮರಾಠಿಯಲ್ಲಿ ಸುಲಭವಾಗಿ ಬರುವ ಮಾತನ್ನು ಹೇಳಿ ಮುಗಿಸಬಾರದು.

ಇದು ಕೇವಲ ಭಾಷಾಭಿಮಾನದ ಮಾತೆಂದು ತಿಳಿಯಬೇಡಿ. ಕಾನೂನಿನ ಮಾತೂ ಹೌದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಿಂದ ಜಾರಿಯಲ್ಲಿದೆ. ಚಿಕಿತ್ಸೆಗೆ ರೋಗಿಯ ಒಪ್ಪಿಗೆ ಪಡೆಯುವ ಮುನ್ನ, ಅದರ ಲಾಭಗಳನ್ನೂ ಅಪಾಯಗಳನ್ನೂ ಬೇರೆ ಮಾರ್ಗಗಳನ್ನೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ತಿಳಿಸಬೇಕೆಂದು ಅದರಲ್ಲಿ ಹೇಳಿದೆ. ಆದುದರಿಂದ "ಈ ಗುಳಿಗೆಯಿಂದ ಏನೇನು ತೊಂದರೆ ಆಗಬಹುದು?" ಎಂದು ಕೇಳಲು ಸಂಕೋಚ ಬೇಡ. ಅದು ಉದ್ಧಟತನವಲ್ಲ, ಹಕ್ಕು.

ಮಾಡತಕ್ಕದ್ದೇನು ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮದ್ದನ್ನು ತಾವಾಗಿ ನಿಲ್ಲಿಸಬಾರದು. ಯಾವ ದಿನ ಯಾವ ಗುಳಿಗೆ ಆರಂಭವಾಯಿತು, ಕಾಲಿನ ಕಾಟ ಯಾವ ದಿನ, ಯಾವ ಹೊತ್ತಿಗೆ ಬಂದಿತು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆದಿಡಬೇಕು. ಮಕ್ಕಳಿಂದ ಬರೆಯಿಸಿದರೂ ಆದೀತು. ದವಾಖಾನೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಯ್ಯಬೇಕು. ಏಕೆಂದರೆ ನೆಗಡಿಯ ಗುಳಿಗೆಯಲ್ಲಿರುವ ಕ್ಲೋರ್‌ಫೆನಿರಮೀನ್, ಕೆಮ್ಮಿನ ಔಷಧದಲ್ಲಿರುವ ಡೈಫೆನ್‌ಹೈಡ್ರಮೀನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಇವೂ ಕಾಲಿನ ಚಡಪಡಿಕೆಯನ್ನು ಕೆರಳಿಸಬಲ್ಲವು. ಪಕ್ಕದಲ್ಲಿ ಮಲಗುವವರೂ ಜೊತೆಗೆ ಹೋಗಬೇಕು. ನಿದ್ದೆಯಲ್ಲಿ ಏನಾಯಿತೆಂಬುದಕ್ಕೆ ಅವರೇ ಸಾಕ್ಷಿ.

ಕಬ್ಬಿಣದ ಮಾತನ್ನು ನಮ್ಮ ಹೆಣ್ಣುಮಕ್ಕಳು ವಿಶೇಷವಾಗಿ ಕೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ಒಳಗಿನ ಕಬ್ಬಿಣದ ಸಂಗ್ರಹ ಬರಿದಾಗಿರಬಹುದು. ಅದನ್ನು ತಿಳಿಸುವುದು ಫೆರಿಟಿನ್ ಪರೀಕ್ಷೆ. ಚಡಪಡಿಕೆ ಕಾಲಿನವರಲ್ಲಿ ಅದು 75ರ ಆಸುಪಾಸಿಗೆ ಅಥವಾ ಕೆಳಗೆ ಇದ್ದರೆ ಕಬ್ಬಿಣ ಕೊಡುವ ವಿಚಾರವನ್ನು ತಜ್ಞರು ಮಾಡುತ್ತಾರೆ. ಪರೀಕ್ಷೆಯಿಲ್ಲದೆ ತಾವೇ ಕೊಂಡು ನುಂಗುವುದು ಬೇಡ. ಕಬ್ಬಿಣದ ಗುಳಿಗೆಯ ಬೆನ್ನಿಗೇ ಚಹ ಕುಡಿದರೆ ಅದು ಮೈಗೆ ಹತ್ತುವುದಿಲ್ಲ. ಸಂಜೆಯ ಮೇಲೆ ಚಹವನ್ನು ಬಿಟ್ಟರೆ ಕಾಲಿಗೂ ನಿದ್ದೆಗೂ ಹಿತ. ಮದ್ಯ, ತಂಬಾಕುಗಳ ಮಾತು ಹೇಳಬೇಕಾದ್ದೇ ಇಲ್ಲ. ಮೀನಖಂಡವನ್ನು ತಿಕ್ಕುವುದು, ಬಿಸಿನೀರು ಹೊಯ್ದುಕೊಳ್ಳುವುದು ತಾತ್ಕಾಲಿಕ ಉಪಶಮನ ಕೊಡುತ್ತವೆ.

ಉಳಿದುದು ವೈದ್ಯರ ಕೆಲಸ. ಅವರು ಪ್ರಮಾಣವನ್ನು ತಗ್ಗಿಸಬಹುದು, ಗುಳಿಗೆಯ ಹೊತ್ತನ್ನು ಬದಲಾಯಿಸಬಹುದು, ಕಾಲಿಗೆ ಕಡಿಮೆ ಕಾಟ ಕೊಡುವ ಬ್ಯುಪ್ರೊಪಿಯಾನ್‌ನಂಥ ಬೇರೆ ಮದ್ದಿಗೆ ಕ್ರಮಕ್ರಮವಾಗಿ ಸಾಗಿಸಬಹುದು, ಕಾಲಿಗೆಂದೇ ಗ್ಯಾಬಪೆಂಟಿನ್ ಅಥವಾ ಪ್ರೀಗ್ಯಾಬಲಿನ್ ಸೇರಿಸಬಹುದು. ಡೋಪಮೀನಿನಂತೆ ಕೆಲಸ ಮಾಡುವ ಗುಳಿಗೆಗಳನ್ನು ಹಿಂದೆ ಧಾರಾಳವಾಗಿ ಕೊಡುತ್ತಿದ್ದರು. ವರ್ಷಗಟ್ಟಲೆ ತೆಗೆದುಕೊಂಡರೆ ರೋಗವೇ ಹೆಚ್ಚುವುದು ಕಂಡುಬಂದುದರಿಂದ ಈಗ ಎಚ್ಚರ ವಹಿಸುತ್ತಾರೆ. ಇಷ್ಟೆಲ್ಲ ದಾರಿಗಳಿರುವಾಗ ಒಂದು ಗುಳಿಗೆ ಒಗ್ಗಲಿಲ್ಲವೆಂದು ಚಿಕಿತ್ಸೆಯನ್ನೇ ತೊರೆಯುವುದು, ಒಂದು ಎತ್ತು ಕುಂಟಿತೆಂದು ಬೇಸಾಯವನ್ನೇ ಬಿಟ್ಟಂತೆ.

ಕನ್ನಡದಲ್ಲಿಯೇ ಮಾತನಾಡಬೇಕೆನ್ನುವವರಿಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗಳಿವೆ. ಅಷ್ಟು ದೂರ ಹೋಗಲಾಗದವರು 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಸರಕಾರಿ ಸೇವೆ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ, ಹಗಲಿರುಳು, ಉಚಿತವಾಗಿ ದೊರೆಯುತ್ತದೆ.

ಕೊನೆಯದಾಗಿ ಸಂಘಕ್ಕೆ ಒಂದು ಬಿನ್ನಹ. ನಾವು ಪ್ರತಿವರ್ಷ ನಾಡಹಬ್ಬ ಮಾಡುತ್ತೇವೆ, ಮಕ್ಕಳಿಗೆ ಬಹುಮಾನ ಕೊಡುತ್ತೇವೆ, ಕನ್ನಡ ಉಳಿಯಲೆಂದು ಹಾರೈಸುತ್ತೇವೆ. ಅವೆಲ್ಲ ಆಗಲಿ. ಅವುಗಳ ಜೊತೆಗೆ, ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರು ಊರುಗಳಲ್ಲಿಯೂ ಕನ್ನಡ ಮರಾಠಿ ಎರಡನ್ನೂ ಚೆನ್ನಾಗಿ ಬಲ್ಲ ನಾಲ್ಕು ನಾಲ್ಕು ಮಂದಿಯ ಹೆಸರು ಬರೆದಿಡೋಣ. ನೂಲಿನಿಂದಲೋ ಹಲಕರ್ಣಿಯಿಂದಲೋ ಒಬ್ಬ ತಾಯಿ ದವಾಖಾನೆಗೆ ಹೊರಟಾಗ ಅವರಲ್ಲಿ ಒಬ್ಬರು ಜೊತೆಗೆ ಹೋಗಿ, ಆಕೆ ಆಡಿದ ಮಾತನ್ನು ಕುಂದಿಲ್ಲದೆ ವೈದ್ಯರಿಗೆ ಮುಟ್ಟಿಸಲಿ, ಅಲ್ಲಿ ಕೇಳಿದ ಗುಟ್ಟನ್ನು ಅಲ್ಲಿಯೇ ಬಿಟ್ಟುಬರಲಿ. ಮೊದಲ ಹೆಸರಾಗಿ ನಮ್ಮದನ್ನು ಬರೆದುಕೊಳ್ಳಿ. ನಮ್ಮ ಮರಾಠಿ ಈಚೆಗೆ ಸುಧಾರಿಸಿದೆ.